ಮಣ್ಣಕ್ಕನ ಮೂಗು

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಜೆಸಿಬಿ ಆಪರೇಟರ್ ಫೋನ್ ಮಾಡಿ ಕೇಳಿದ್ದು ತೀರಾ ಸಾಮಾನ್ಯವಾದ ಪ್ರಶ್ನೆ.

"ಅಕ್ಕಾ, ನಿಮಗೆ ಗುಜರಿಯವರು ಯಾರಾದ್ರೂ ಗೊತ್ತಾ? ಇಲ್ಲೊಂದು ಹಳೇ ಕಬ್ಬಿಣದ ಟ್ಯಾಂಕು ಸಿಕ್ಕಿದೆ."

ಚಹಾ ಲೋಟವನ್ನು ಬಾಯಿಯ ಹತ್ತಿರ ಒಯ್ದಿದ್ದ ಮಣ್ಣಕ್ಕ ಹಾಗೇ ನಿಂತಳು. "ಎಲ್ಲಿ ಸಿಕ್ತು?"

"ಅದೇ, ದೊಡ್ಡ ಬಿಲ್ಡಿಂಗಿಗೆ ಪಾಯ ತೆಗೀತಿದೀವಲ್ಲ, ಅದರ ಹಿಂದಿನ ಮೂಲೇಲಿ. ಶುಕ್ರವಾರ ಶಿಶುವಿಹಾರಕ್ಕೆ ಮಣ್ಣು ತುಂಬಿ ಕಳಿಸಿದ್ವಲ್ಲ, ಅದೇ ಜಾಗದ ಪಕ್ಕ."

"ಯಾವ ಟ್ಯಾಂಕು? ನೀರಿಂದಾ, ಎಣ್ಣೇದಾ?"

"ಯಾರಿಗ್ಗೊತ್ತು ಅಕ್ಕಾ. ತುಕ್ಕು ಹಿಡಿದು ತಳಾನೇ ಕಳಚಿ ಹೋಗಿದೆ. ಮೊದಲು ಇಲ್ಲಿ ಬಸ್ ಶೆಡ್ ಇತ್ತು ಅಂತ ವಾಚ್‌ಮನ್ ಹೇಳ್ತಿದ್ದ. ಆ ಗುಜರಿಯವರ ನಂಬರು..."

"ಆಮೇಲೆ ಹೇಳ್ತೀನಿ" ಎಂದು ಅವಳು ಫೋನ್ ಇಟ್ಟಳು. ಬಸ್ ಶೆಡ್ ಅಂದರೆ ಡೀಸೆಲ್. ತಳ ಕಳಚಿದ ಟ್ಯಾಂಕು ಅಂದರೆ ಡೀಸೆಲ್ ಎಲ್ಲ ಮಣ್ಣಿಗೆ. ಶುಕ್ರವಾರ ಅಲ್ಲಿಂದ ಒಂಬತ್ತು ಲೋಡು ಹೋಗಿತ್ತು, ಕೊನೆಯ ಮೂರು ಲೋಡು ಆ ಮೂಲೆಯದೇ. ಅದನ್ನು ಶಿಶುವಿಹಾರದ ಅಂಗಳಕ್ಕೆ ಹರಡಿ, ಶನಿವಾರ ಸಮ ಮಾಡಿ, ಇವತ್ತು ಹನ್ನೊಂದು ಗಂಟೆಗೆ ಮಕ್ಕಳನ್ನು ಮೊದಲ ಸಲ ಆಟಕ್ಕೆ ಬಿಡುವವರಿದ್ದರು. ಎರಡು ವರ್ಷ, ಮೂರು ವರ್ಷದ ಮಕ್ಕಳು. ಆ ವಯಸ್ಸಿನಲ್ಲಿ ಮಣ್ಣು ಸಿಕ್ಕರೆ ಅದು ಮೊದಲು ಹೋಗುವುದು ಬಾಯಿಗೆ.

ಆ ಒಂಬತ್ತು ಲೋಡನ್ನೂ ಮೂಸಿ ನೋಡಿ "ಹೋಗ್ಲಿ" ಎಂದು ತಲೆಯಾಡಿಸಿದವಳು ಮಣ್ಣಕ್ಕನೇ.

ಅವಳ ಕೆಲಸವೇ ಅದು. ಊರಲ್ಲಿ ಒಬ್ಬ ನೆಲಮಾಳಿಗೆ ತೋಡಿಸುತ್ತಾನೆ, ಬಂದ ಮಣ್ಣನ್ನು ಎಲ್ಲಿ ಸುರಿಯುವುದು ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಎರಡು ಬೀದಿ ಆಚೆಗೆ ಇನ್ನೊಬ್ಬ ತಗ್ಗಿನ ಸೈಟು ತೆಗೆದುಕೊಂಡು, ತುಂಬಲು ಮಣ್ಣಿಲ್ಲದೆ ಪರದಾಡುತ್ತಾನೆ. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯದು. ನಡುವೆ ಮಣ್ಣಕ್ಕ ನಿಂತು ಈ ಮಣ್ಣನ್ನು ಆ ಗುಂಡಿಗೆ ಗಂಟು ಹಾಕುತ್ತಾಳೆ. ಮದುವೆ ದಲ್ಲಾಳಿಗಳಿಗಿಂತ ಇವಳ ಜವಾಬ್ದಾರಿ ಹೆಚ್ಚು ಎಂದೇ ನನ್ನ ಅಭಿಪ್ರಾಯ. ಮದುವೆ ಕೆಟ್ಟರೆ ಎರಡು ಮನೆಯವರು ಜಗಳಾಡಿ ಸುಮ್ಮನಾಗುತ್ತಾರೆ. ಮಣ್ಣು ಕೆಟ್ಟರೆ ಮೇಲಿನ ಮನೆಯೇ ಬಿರುಕು ಬಿಡುತ್ತದೆ.

ಹತ್ತೊಂಬತ್ತನೇ ವಯಸ್ಸಿಗೆ ಟಿಪ್ಪರ್ ಓಡಿಸುವವನನ್ನು ಮದುವೆಯಾಗಿ ಬಂದವಳು ಮೊದಲು ಪಾಯದ ಗುಂಡಿಗಳಲ್ಲಿ ಬುಟ್ಟಿ ಹೊತ್ತಳು. ಆ ಕಾಲದಲ್ಲಿ ಬಾವಿ ತೋಡುವ ಮುದುಕನೊಬ್ಬ ಅವಳ ಕಣ್ಣಿಗೆ ಅವಳದೇ ಸೆರಗು ಕಟ್ಟಿ, ಮೂರು ಹಿಡಿ ಮಣ್ಣನ್ನು ಒಂದೊಂದಾಗಿ ಮೂಗಿಗೆ ಹಿಡಿದು, ಯಾವುದು ಎಲ್ಲಿಯದು ಹೇಳು ಎಂದಿದ್ದ. ಮೂರನ್ನೂ ಸರಿಯಾಗಿ ಹೇಳಿದಳು. ಮುದುಕ ಗುದ್ದಲಿ ಕೆಳಗಿಟ್ಟು, ಬುಟ್ಟಿ ಹೊರುವುದು ಬಿಟ್ಟು ಬೇರೆ ಏನಾದರೂ ನೋಡಿಕೋ ಎಂದ. ಅಲ್ಲಿಂದ ಶುರುವಾಯಿತು. ಚರಂಡಿ ನೀರು ಕುಡಿದ ಮಣ್ಣು, ಬೂದಿ ಬೆರೆತ ಮಣ್ಣು, ಹಳೆಯ ಕೆರೆಯ ತಳದ ಮಣ್ಣು, ಯಾವುದನ್ನು ಹಿಡಿದರೂ ಅದರ ಜಾತಕ ಹೇಳುತ್ತಿದ್ದಳು. ಒಂದು ಸಲ ಕಾಂಟ್ರಾಕ್ಟರೊಬ್ಬನ ಗೇಟಿನಲ್ಲಿ ನಿಂತು, ಒಳಗೂ ಹೋಗದೆ, ಕೆಳಗೆ ಕಸ ಹೂತಿದ್ದಾರೆ ಎಂದಳು. ಅವನು ನಕ್ಕ. ಮೂರಡಿ ಅಗೆದಾಗ ಹಳೆಯ ಕಸದ ಗುಂಡಿ ಬಾಯಿ ತೆರೆಯಿತು. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಆಮೇಲೆ ಅವಳ ಸ್ವಂತ ಹೆಸರನ್ನು ಜನ ಮರೆತರು, ಮಣ್ಣಕ್ಕ ಎಂಬುದೇ ಉಳಿಯಿತು.

ಪ್ರತಿ ಸೈಟಿನಿಂದಲೂ ಒಂದು ಹಿಡಿ ಮಣ್ಣು ತಂದು ಗಾಜಿನ ಬಾಟಲಿಯಲ್ಲಿ ಹಾಕಿ, ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಚೀಟಿ ಅಂಟಿಸಿ ಇಡುವುದು ಅವಳ ಪದ್ಧತಿ. ಸೊಂಟ ಹಿಡಿದುಕೊಂಡು ಟಿಪ್ಪರ್ ಓಡಿಸುವುದನ್ನು ಬಿಟ್ಟು ಈಗ ಮನೆಯಲ್ಲಿ ಅಡುಗೆ ನೋಡಿಕೊಳ್ಳುವ ಗಂಡ, ಉಪ್ಪಿನ ಡಬ್ಬ ಹುಡುಕಲು ಹೋಗಿ ಊರಿನ ಅರ್ಧ ಮಣ್ಣನ್ನು ಆಚೀಚೆ ಸರಿಸಬೇಕು ಎಂದು ಗೊಣಗುತ್ತಿದ್ದ.

ಇಷ್ಟೆಲ್ಲ ಇದ್ದ ಮೂಗು ಎಂಟು ತಿಂಗಳ ಹಿಂದೆ ಸತ್ತುಹೋಗಿತ್ತು.

ಜ್ವರ ಬಂದಿತ್ತು, ಐದು ದಿನ ಮಲಗಿದಳು, ಎದ್ದಳು. ಎದ್ದ ದಿನ ಸೋಪು ಹಿಡಿದರೆ ಸೋಪಿಲ್ಲ, ಈರುಳ್ಳಿ ಹೆಚ್ಚಿದರೆ ಕಣ್ಣೀರು ಬಂತೇ ಹೊರತು ವಾಸನೆ ಬರಲಿಲ್ಲ. ನಾಲ್ಕು ದಿನ ಹೋದರೆ ಬರುತ್ತದೆ ಎಂದುಕೊಂಡಳು. ನಾಲ್ಕು ವಾರ ಹೋಯಿತು. ಡಾಕ್ಟರು, ಬಂದರೂ ಬರಬಹುದು ಎಂದರು. ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಕಣ್ಣು ಹೋದ ದರ್ಜಿ ಕತ್ತರಿ ಹಿಡಿದು ಅಂಗಡಿಯಲ್ಲಿ ಕೂತ ಹಾಗೆ ಕೂತಿದ್ದೇನೆ ಅನಿಸಿ ಅವಳಿಗೆ ಅವಳ ಮೇಲೇ ಹೇಸಿಗೆಯಾಗುತ್ತಿತ್ತು. ಆದರೆ ಕೆಲಸ ನಿಲ್ಲಿಸಲಿಲ್ಲ. ಬಣ್ಣ ನೋಡಿದಳು, ಬೆರಳಲ್ಲಿ ಉಜ್ಜಿ ನೋಡಿದಳು. ಅದಕ್ಕಿಂತ ಹೆಚ್ಚಾಗಿ ಒಂದು ಉಪಾಯ ಕಂಡುಕೊಂಡಳು: ಮಣ್ಣನ್ನು ಮೂಗಿಗೆ ಹಿಡಿದು, ಓರೆಗಣ್ಣಿನಲ್ಲಿ ಪಕ್ಕದವರ ಮುಖ ನೋಡುವುದು. ಡ್ರೈವರ್ ಮುಖ ಸಿಂಡರಿಸಿದರೆ ಈ ಮಣ್ಣು ಬೇಡ. ಅವನು ಸುಮ್ಮನಿದ್ದರೆ ಹೋಗಲಿ. ಎಂಟು ತಿಂಗಳು ಅವಳು ಮೂಸಿದ್ದೆಲ್ಲ ಬೇರೆಯವರ ಮುಖದಿಂದ.

ಶುಕ್ರವಾರ ಪಕ್ಕದಲ್ಲಿದ್ದವನು ಹಾರನ್. ರಸ್ತೆಯಲ್ಲಿ ಒಂದು ಕಾಗೆ ಕೂತಿದ್ದರೂ ಹಾರನ್ ಹೊಡೆಯುವ ಟಿಪ್ಪರ್ ಡ್ರೈವರ್, ಅದಕ್ಕೇ ಆ ಹೆಸರು. ಅವನ ಮುಖ ಆವತ್ತು ಒಂಬತ್ತು ಲೋಡಿಗೂ ಒಂದೇ ರೀತಿ ಇತ್ತು. ಅವಳಿಗೆ ಚೆನ್ನಾಗಿ ನೆನಪಿತ್ತು.

ಈಗ ಅವಳು ಸ್ಟೂಲ್ ಹತ್ತಿ ಶುಕ್ರವಾರದ ಬಾಟಲಿ ತೆಗೆದಳು. ಅವಸರದಲ್ಲಿ ಪಕ್ಕದ್ದೊಂದು ಉರುಳಿತು. ಸಿಂಕಿನಲ್ಲಿ ಬಾಟಲಿಗೆ ನೀರು ಬಿಟ್ಟು, ಅಲ್ಲಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದಳು. ಎಣ್ಣೆಯಿದ್ದರೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಬೇಕು. ಅರ್ಧ ಗಂಟೆ ಕಾದ ಮೇಲೆ ಮಣ್ಣು ಕೆಳಗೆ ಇಳಿಯಿತು, ಮೇಲೆ ನೀರು ತಿಳಿಯಾಯಿತು, ಪೊರೆ ಇರಲಿಲ್ಲ.

"ಬೆಳಿಗ್ಗೆ ಬೆಳಿಗ್ಗೆ ಏನ್ ಇವಳೇ ಅದು?" ಎಂದ ಗಂಡ, ಒಲೆಯ ಮುಂದಿನಿಂದ.

"ಏನಿಲ್ಲ ರೀ."

ಒಂದು ಉಸಿರು ಬಿಟ್ಟಳು. ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ನೆನಪಾಯಿತು: ಈ ಹಿಡಿ ಮೊದಲನೆಯ ಲೋಡಿನದು. ಬೆಳಿಗ್ಗೆಯೇ, ಗೇಟಿನ ಪಕ್ಕದಿಂದ ತೆಗೆದದ್ದು. ಹಿಂದಿನ ಮೂಲೆಗೆ ಯಂತ್ರ ಹೋದದ್ದು ಮಧ್ಯಾಹ್ನದ ಮೇಲೆ. ಬಾಟಲಿ ಏನನ್ನೂ ಹೇಳುವಂತಿರಲಿಲ್ಲ.

ಮೊಪೆಡ್ ತೆಗೆದುಕೊಂಡು ಹೊರಟಳು. ಗಂಡ ಹಿಂದಿನಿಂದ ತಿಂಡಿ ಎಂದು ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಎರಡು ನ್ಯಾಯಾಲಯ ಒಟ್ಟಿಗೆ ನಡೆಯುತ್ತಿತ್ತು. ನೀರಿನ ಟ್ಯಾಂಕೇ ಇರಬಹುದು. ಬಸ್ ತೊಳೆಯಲು ನೀರು ಬೇಡವೇ? ನೀರಿನ ಟ್ಯಾಂಕನ್ನು ಯಾರು ನೆಲದೊಳಗೆ ಕಬ್ಬಿಣದಲ್ಲಿ ಹೂಳುತ್ತಾರೆ? ಎಷ್ಟೋ ವರ್ಷದ ಹಿಂದಿನ ಎಣ್ಣೆ, ಆರಿ ಹೋಗಿರುತ್ತದೆ. ಆರಿದ್ದರೆ ಒಳ್ಳೆಯದು, ಆರದಿದ್ದರೆ? ಸುಮ್ಮನೆ ಫೋನ್ ಮಾಡಿ ಇವತ್ತು ಮಕ್ಕಳನ್ನು ಬಿಡಬೇಡಿ ಅಂದುಬಿಡಬಹುದಿತ್ತು. ಯಾಕೆ ಅಂತ ಕೇಳುತ್ತಾರೆ. ಮೂಸಿದ್ದಿರಲ್ಲ ಅನ್ನುತ್ತಾರೆ. ಮುಂದಿನ ಮಾತು ಬಾಯಿಂದ ಬಂದರೆ ಮೂವತ್ತೈದು ವರ್ಷದ ಮಣ್ಣಕ್ಕ ಎಂಬ ಹೆಸರು ಅಲ್ಲಿಗೆ ಮುಗಿಯಿತು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗ ಗಡಿಯಾರ ನೋಡಿದಳು. ಒಂಬತ್ತೂವರೆ.

ಶಿಶುವಿಹಾರ ಒಂದು ಹಳೆಯ ಮನೆ. ಮುಂದೆ ಅಂಗಳ, ಅಂಗಳಕ್ಕೆ ಹೊಸ ಮಣ್ಣು, ಸುತ್ತ ಹಗ್ಗ ಕಟ್ಟಿತ್ತು. ಬಾಗಿಲ ಪಕ್ಕ ಇಪ್ಪತ್ತು ಜೊತೆ ಪುಟ್ಟ ಚಪ್ಪಲಿ, ಪಕ್ಕದಲ್ಲಿ ಒಂದು ಬುಟ್ಟಿ ತುಂಬ ಬಣ್ಣದ ಪ್ಲಾಸ್ಟಿಕ್ ಸಲಿಕೆಗಳು. ಮಣ್ಣಕ್ಕ ಆ ಸಲಿಕೆಗಳಿಂದ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಬನ್ನಿ ಬನ್ನಿ, ಮಕ್ಕಳು ಬೆಳಿಗ್ಗೆಯಿಂದ ಕಿಟಕಿ ಬಿಟ್ಟು ಬರ್ತಾ ಇಲ್ಲ" ಎಂದು ಶಿಶುವಿಹಾರ ನಡೆಸುವ ಟೀಚರಮ್ಮ ನಗುತ್ತ ಹೊರಗೆ ಬಂದರು. "ಏನ್ ಇಷ್ಟು ಬೇಗ?"

"ಲೆವೆಲ್ ಸರಿ ಇದೆಯಾ ಅಂತ ನೋಡೋಣ ಅಂತ ಬಂದೆ. ಒಂದು ಬಕೆಟ್ ನೀರು ಕೊಡ್ತೀರಾ?"

ನೀರಿಗೂ ಲೆವೆಲ್ಲಿಗೂ ಏನು ಸಂಬಂಧ ಎಂದು ಟೀಚರಮ್ಮ ಕೇಳಲಿಲ್ಲ. ಮಣ್ಣಕ್ಕ ಏನು ಮಾಡಿದರೂ ಅದರಲ್ಲಿ ಅರ್ಥ ಇರುತ್ತದೆ ಎಂದು ಊರೇ ನಂಬಿತ್ತು. ಬಕೆಟ್ ಬಂತು.

ಅವಳು ಹಗ್ಗ ದಾಟಿ, ಅಂಗಳದ ದೂರದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಮಣ್ಣೆತ್ತಿ ಮೂಗಿಗೆ ಒತ್ತಿಕೊಂಡಳು. ಇಡೀ ಎದೆ ತುಂಬ ಎಳೆದಳು. ಏನೂ ಇಲ್ಲ. ಇನ್ನೊಮ್ಮೆ ಎಳೆದಳು, ಧೂಳು ಹೋಗಿ ಕೆಮ್ಮು ಬಂತು. ವಾಸನೆ ಇಲ್ಲದ ಮಣ್ಣೂ, ವಾಸನೆ ಗೊತ್ತಾಗದ ಮೂಗೂ ಒಳಗಿನಿಂದ ಒಂದೇ ರೀತಿ ಇರುತ್ತವೆ. ಅದೇ ಅವಳ ಎಂಟು ತಿಂಗಳ ನರಕ.

ನೀರಿಗೆ ಮಣ್ಣು ಹಾಕಿ ಕಲಕಿ ಕಾದಳು. ಮೇಲೆ ಧೂಳು ತೇಲಿತು, ಒಂದು ಒಣ ಎಲೆಯ ಚೂರು ತೇಲಿತು. ಬಿಸಿಲಿಗೆ ನೀರು ಹೊಳೆಯಿತು. ಅದು ಬಿಸಿಲೋ, ಪೊರೆಯೋ? ತಲೆ ಈ ಕಡೆ ವಾಲಿಸಿದರೆ ಬಣ್ಣ ಕಂಡಂತಾಗುತ್ತಿತ್ತು, ಆ ಕಡೆ ವಾಲಿಸಿದರೆ ಇಲ್ಲ. ಕಾಣಬಾರದು ಎಂದು ಬೇಡಿಕೊಳ್ಳುವವಳ ಕಣ್ಣನ್ನು ಹೇಗೆ ನಂಬುವುದು?

ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದರೆ, ಹಗ್ಗದ ಕೆಳಗಿನಿಂದ ನುಸುಳಿ ಬಂದ ಒಂದು ಮಗು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ, ಅವಳಂತೆಯೇ ಕುಕ್ಕರಗಾಲಲ್ಲಿ ಕೂತಿತ್ತು. ಅವಳಂತೆಯೇ ಒಂದು ಹಿಡಿ ಮಣ್ಣೆತ್ತಿ ಮೂಗಿಗೆ ಹಿಡಿಯಿತು. ಇಷ್ಟಗಲ ನಕ್ಕಿತು. ಆಮೇಲೆ ಮುಷ್ಟಿ ಬಾಯಿಯ ಕಡೆ ಹೊರಟಿತು.

ಮಣ್ಣಕ್ಕ ಮೊಣಕಾಲಲ್ಲೇ ದಬದಬನೆ ಹೋಗಿ ಆ ಕೈ ಹಿಡಿದು, ಒಂದೊಂದೇ ಬೆರಳು ಬಿಡಿಸಿ ಮಣ್ಣು ಉದುರಿಸಿದಳು. ಮಗು ಕಿಟಾರನೆ ಕಿರುಚಿತು. ಟೀಚರಮ್ಮ ಓಡಿ ಬಂದರು.

"ಇವಳ ಕೈ ತೊಳೀರಿ. ಸೋಪು ಹಾಕಿ ತೊಳೀರಿ" ಎಂದಳು ಮಣ್ಣಕ್ಕ. "ಯಾರನ್ನೂ ಹೊರಗೆ ಬಿಡ್ಬೇಡಿ ಟೀಚರಮ್ಮ. ಈ ಮಣ್ಣನ್ನ ನೀವೊಂದ್ಸಲ ಮೂಸಿ ನೋಡಿ."

"ನಾನಾ? ನೀವೇ ಮೂಸಿದೀರಲ್ಲ?"

"ನನಗೆ ವಾಸನೆ ಬರಲ್ಲ."

ಹೇಳಿ ಆಯಿತು. ಎಂಟು ತಿಂಗಳು ಎದೆಯಲ್ಲಿ ಕಲ್ಲಿನಂತೆ ಹೊತ್ತುಕೊಂಡಿದ್ದ ಮಾತು ಇಷ್ಟು ಚಿಕ್ಕದಿತ್ತು. ಟೀಚರಮ್ಮ ಅರ್ಥವಾಗದೆ ನೋಡಿದರು. "ಅಂದ್ರೆ, ಇವತ್ತು ನೆಗಡೀನಾ?"

"ನೆಗಡಿ ಅಲ್ಲ. ಜ್ವರ ಬಂದು ಮೂಗೇ ಹೋಯ್ತು, ಎಂಟು ತಿಂಗಳಾಯ್ತು. ಶುಕ್ರವಾರ ನಾನು ಮೂಸಿದ ಹಾಗೆ ಮಾಡಿದ್ದು ಅಷ್ಟೇ. ಆ ಮಣ್ಣು ತೆಗೆದ ಕಡೆ ಇವತ್ತು ಎಣ್ಣೆ ಟ್ಯಾಂಕು ಸಿಕ್ಕಿದೆಯಂತೆ. ಬೈಯೋದು ಆಮೇಲೆ ಬೈಯಿರಿ. ಮೊದಲು ಮೂಸಿ."

ಟೀಚರಮ್ಮ ಬಗ್ಗಲಿಲ್ಲ, ಮಣ್ಣು ಎತ್ತಲೂ ಇಲ್ಲ. ಅವರ ಮುಖದ ಬಣ್ಣ ಇಳಿಯಿತು.

"ಮೂಸೋದೇನ್ ಬಂತು" ಎಂದರು ಮೆಲ್ಲಗೆ. "ಶುಕ್ರವಾರ ಇಳಿಸುವಾಗ್ಲೇ ಸೀಮೆಎಣ್ಣೆ ವಾಸನೆ ಬಂತು. ಲಾರೀದಿರ್ಬೇಕು ಅನ್ಕೊಂಡೆ. ಶನಿವಾರಾನೂ ಬಂತು. ನಮ್ಮ ಆಯಾ ಹತ್ರ ಹೇಳ್ದೆ ಕೂಡ. ಮಣ್ಣಕ್ಕ ನೋಡಿ ಕಳ್ಸಿದ್ದಲ್ವಾ, ನಮಗೇನ್ ಗೊತ್ತಾಗುತ್ತೆ ಅಂದ್ಲು. ನಾನೂ ಸುಮ್ನಾದೆ."

ಮಣ್ಣಕ್ಕ ಅಲ್ಲೇ ನೆಲದ ಮೇಲೆ ಕೂತಳು.

ಹಾರನ್‌ಗೆ ಫೋನ್ ಮಾಡಿದಳು. ಟಿಪ್ಪರ್ ತಂದ, ಬರುವಾಗ ಬೀದಿಯ ತುದಿಯಿಂದಲೇ ಹಾರನ್ ಹೊಡೆದುಕೊಂಡು ಬಂದ, ಇವಳ ಮುಖ ನೋಡಿ ಕೈ ತೆಗೆದ. ವಿಷಯ ಕೇಳಿ ತಲೆ ತಗ್ಗಿಸಿ, ಬೂಟಿನ ತುದಿಯಿಂದ ಗಾಲಿಗೆ ಅಂಟಿದ ಮಣ್ಣು ಕೆರೆಯುತ್ತ ನಿಂತ.

"ನಿನಗೂ ಬಂದಿತ್ತೇನೋ ವಾಸನೆ?" ಎಂದು ಕೇಳಿದಳು.

"ಬಂತಕ್ಕಾ. ಕೊನೇ ಮೂರು ಲೋಡು. ಗಾಡಿ ಒಳಗೆಲ್ಲ ಹೊಡೀತಿತ್ತು."

"ಮತ್ತೆ ನಿನ್ನ ಮುಖ ಕಲ್ಲಿನ ಹಾಗಿತ್ತಲ್ಲೋ! ಒಂದು ಹುಬ್ಬಾದ್ರೂ ಗಂಟು ಹಾಕಿದ್ಯಾ?"

"ನಾನು ನಿಮ್ಮ ಮುಖ ನೋಡ್ತಾ ಇದ್ದೆ" ಎಂದ ಹಾರನ್. "ನೀವು ಸರಿ ಅಂತ ತಲೆ ಆಡಿಸಿದ್ರಿ. ಅಕ್ಕಂಗೇ ಬರದ ವಾಸನೆ ನನಗೆಲ್ಲಿಂದ ಬರ್ಬೇಕು, ನನ್ನ ಡೀಸೆಲ್ ಟ್ಯಾಂಕೇ ಸೋರ್ತಿದೆ ಅನ್ಕೊಂಡು ಭಾನುವಾರ ಮೆಕ್ಯಾನಿಕ್ ಹತ್ರ ಹೋಗಿ ಗಾಡಿ ಕೆಳಗೆ ಅರ್ಧ ದಿನ ಮಲಗಿದ್ದೆ."

ಅವಳು ಅವನ ಮುಖ ನೋಡುತ್ತಿದ್ದಳು, ಅವನು ಅವಳ ಮುಖ ನೋಡುತ್ತಿದ್ದ. ನಡುವೆ ಮಣ್ಣು ನಾರುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳಿಗೆ ಕೋಪ ಬಂತು. ಆ ಕೋಪ ಯಾರ ಮೇಲೆ ಎಂದು ಹುಡುಕಿದರೆ ತಿರುಗಿ ತನ್ನ ಮೇಲೇ ಬಂದು ಕೂರುತ್ತಿತ್ತು. ಮೂವತ್ತೈದು ವರ್ಷ ಕಷ್ಟಪಟ್ಟು ಸಂಪಾದಿಸಿದ ಹೆಸರು ಊರಿನವರ ಮೂಗನ್ನೆಲ್ಲ ಮುಚ್ಚಿಸಿಬಿಟ್ಟಿತ್ತು.

ಮಣ್ಣು ಪೂರ್ತಿ ತೆಗೆಯುವಷ್ಟರಲ್ಲಿ ಸಂಜೆ ಐದು ಗಂಟೆಯಾಯಿತು. ಮೂರು ಲೋಡು ಮಾತ್ರ ತೆಗೆದರೆ ಸಾಕು ಎಂದ ಹಾರನ್. ಹರಡುವಾಗ ಬೆರೆತಿದೆ, ಒಂಬತ್ತೂ ತೆಗಿ ಎಂದಳು. ಅದನ್ನು ಬೇರೆ ಯಾರ ಗುಂಡಿಗೂ ಸುರಿಯದೆ, ಬಂದ ಸೈಟಿಗೇ ವಾಪಸು ಒಯ್ದು, ಟಾರ್ಪಾಲು ಹಾಸಿ ಸುರಿಸಿ, ಮೇಲೆ ಇನ್ನೊಂದು ಟಾರ್ಪಾಲು ಹೊದಿಸಿದಳು. ಅಲ್ಲಿನ ಸೂಪರ್‌ವೈಸರ್ ಕೆಂಡವಾದ. ಅವನಿಗೂ ಅದೇ ಮಾತು ಹೇಳಿದಳು, ನನಗೆ ವಾಸನೆ ಬರಲ್ಲ. ಎರಡನೆಯ ಸಲ ಹೇಳುವಾಗ ಸುಲಭವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಜೆಸಿಬಿ ಆಪರೇಟರ್ ಯಂತ್ರ ನಿಲ್ಲಿಸಿ, ಸತ್ತವರ ಮನೆಗೆ ಬಂದವನ ಹಾಗೆ ಅವಳನ್ನು ನೋಡಿದ. ಶಿಶುವಿಹಾರದಲ್ಲಿ ಹಿಡಿ ಬಾಯಿಗೆ ಒಯ್ದಿದ್ದ ಮಗು ಚೆನ್ನಾಗಿದೆಯೇ ಎಂದು ಅಂದು ನಾಲ್ಕು ಸಲ ಫೋನ್ ಮಾಡಿ ಕೇಳಿದಳು. ಚೆನ್ನಾಗಿದೆ, ಬಾಯಿಗೆ ಹೋಗಿಲ್ಲ, ಈಗ ಬ್ರೆಡ್ ತಿಂತಿದೆ ಎಂದರು ಟೀಚರಮ್ಮ. ನಾಲ್ಕನೆಯ ಸಲ ಸ್ವಲ್ಪ ಗಡುಸಾಗಿಯೇ ಅಂದರು.

ಮನೆಗೆ ಬಂದು, ಕೈಕಾಲು ತೊಳೆಯದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಗಂಡನಿಗೆ ಎಲ್ಲ ಹೇಳಿದಳು. ಅವನು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನನಗೆ ಗೊತ್ತಿತ್ತು" ಎಂದ. "ಹಾಲು ಸೀದ ದಿನಾನೇ ಗೊತ್ತಾಯ್ತು. ನಾನು ಬಚ್ಚಲಲ್ಲಿದ್ದೆ, ಅಲ್ಲಿಗೆ ಕಮಟು ಹೊಡೀತು. ಓಡಿ ಬಂದ್ರೆ ನೀನು ಒಲೆಗೆ ಬೆನ್ನು ಹಾಕಿ ಫೋನಲ್ಲಿ ಕೆಮ್ಮಣ್ಣು, ಎರೆಮಣ್ಣು ಅಂತ ಮಾತಾಡ್ತಾ ಇದ್ದೆ."

"ಗೊತ್ತಿದ್ದೂ ಯಾಕ್ರೀ ಕೇಳ್ಲಿಲ್ಲ?"

"ನೀನಾಗೇ ಹೇಳ್ತೀಯ ಅಂತ ಕಾದೆ."

"ಎಂಟು ತಿಂಗಳಾ?"

"ನಿನ್ನ ಹತ್ರ ಅಂಥ ಮಾತು ಎತ್ತೋಕೆ ಧೈರ್ಯ ಬೇಕಲ್ಲ ಇವಳೇ."

ಅವಳಿಗೆ ನಗು ಬಂತು, ನಗುತ್ತಿರುವಾಗಲೇ ಅಳು ಬಂತು. ಮಗುವಿನ ಮುಷ್ಟಿ ಕಣ್ಣ ಮುಂದೆ ಬಂದು ಬಂದು ಹೋಗುತ್ತಿತ್ತು. ಗಂಡ ಸೊಂಟ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ. ಅವಳು ಸಮಾಧಾನ ಆಗುವವರೆಗೆ ಎದ್ದು ಹೋಗಲಿಲ್ಲ.

ಮಂಗಳವಾರ ಫೋನ್ ಬರಲಿಲ್ಲ. ಬುಧವಾರವೂ ಬರಲಿಲ್ಲ. ದಿನಕ್ಕೆ ಮೂವತ್ತು ಸಲ ಬಡಿದುಕೊಳ್ಳುತ್ತಿದ್ದ ಫೋನನ್ನು ಅವಳು ಕೈಯಲ್ಲಿ ಹಿಡಿದು, ಚಾರ್ಜ್ ಇದೆಯೇ ಎಂದು ನೋಡಿ, ಗಂಡನ ಫೋನಿನಿಂದ ಒಮ್ಮೆ ತನಗೇ ಕರೆ ಮಾಡಿ ನೋಡಿದಳು. ಬಡಿದುಕೊಂಡಿತು. ಫೋನ್ ಸರಿಯಾಗಿಯೇ ಇತ್ತು. ಶೆಲ್ಫಿನ ಬಾಟಲಿಗಳನ್ನೆಲ್ಲ ಇಳಿಸಿ ಒರೆಸಿದಳು. ಈ ಎಂಟು ತಿಂಗಳ ಬಾಟಲಿಗಳನ್ನು ಬೇರೆ ಸಾಲಿನಲ್ಲಿಟ್ಟಳು. ಇಪ್ಪತ್ತೆಂಟು ಇದ್ದವು. ಒಂದೊಂದನ್ನೂ ಗಂಡನಿಗೆ ಕೊಟ್ಟು ಮೂಸಿಸಿದಳು. ಅವನು ಇದು ಮಣ್ಣಿನ ವಾಸನೆ, ಇದೂ ಮಣ್ಣಿನ ವಾಸನೆ ಎನ್ನುತ್ತ ಹೋದ. ಹತ್ತೊಂಬತ್ತನೆಯದಕ್ಕೆ ಒಂದು ಕ್ಷಣ ತಡೆದ. ಅವಳು ಕೈಯಲ್ಲಿದ್ದ ಇಪ್ಪತ್ತನೆಯದನ್ನು ಕೆಳಗಿಟ್ಟಳು. ಸೀನು ಬಂದಿತ್ತು, ಅಷ್ಟೇ.

ಗುರುವಾರ ಹಾರನ್ ಫೋನ್ ಮಾಡಿದ. ಹೊಸ ಸೈಟೊಂದರಲ್ಲಿ ಮಣ್ಣು ತೆಗೆಯುತ್ತಿದ್ದಾರೆ, ನಾಲ್ಕು ಬೀದಿ ಆಚೆ ಒಂದು ಮನೆಯ ಪಾಯಕ್ಕೆ ಬೇಕಂತೆ, ಬರ್ತೀರಾ ಅಕ್ಕಾ ಎಂದ. ಅಷ್ಟು ಬೇಗ ಅವಳು ಯಾವತ್ತೂ ಮೊಪೆಡ್ ಹತ್ತಿರಲಿಲ್ಲ.

ಗುಂಡಿಯ ಅಂಚಿನಲ್ಲಿ ಟಿಪ್ಪರ್ ಅರ್ಧ ತುಂಬಿ ನಿಂತಿತ್ತು. ಹಾರನ್ ಒಂದು ಹಿಡಿ ಮಣ್ಣೆತ್ತಿಕೊಂಡು ಬಂದು, ಎಷ್ಟೋ ವರ್ಷದ ಅಭ್ಯಾಸದಿಂದ, ನೇರ ಅವಳ ಮೂಗಿನ ಕೆಳಗೆ ಹಿಡಿದ. ಹಿಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಅವನ ಕೈಯನ್ನು ಅವನ ಕಡೆಗೇ ತಿರುಗಿಸಿದಳು. "ನೀನು ಮೂಸು. ನೀನು ಹೇಳು."

ಹಾರನ್ ಮೂಸಿದ. ಮೂಸಿ ಅವಳ ಮುಖ ನೋಡಿದ. ಅವಳ ಹುಬ್ಬು ಏರುತ್ತದೋ, ತಲೆ ಆಡುತ್ತದೋ ಎಂದು ಕಾಯುವ ಕಣ್ಣು. ಅವಳಿಗೂ ಅಷ್ಟೇ, ಅವನ ಮುಖ ನೋಡದೆ ಇರಲಾಗಲಿಲ್ಲ. ಶುಕ್ರವಾರ ಇಬ್ಬರೂ ನಿಂತಿದ್ದ ಹಾಗೆಯೇ ಮತ್ತೆ ನಿಂತಿದ್ದರು.

ಮಣ್ಣಕ್ಕ ಬೆನ್ನು ತಿರುಗಿಸಿ, ಗುಂಡಿಯ ಕಡೆ ಮುಖ ಮಾಡಿ ನಿಂತಳು. ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಈಗ ಹೇಳು" ಎಂದಳು.

ಹಿಂದೆ ಅವನು ಇನ್ನೊಮ್ಮೆ, ಈ ಸಲ ದೀರ್ಘವಾಗಿ, ಉಸಿರೆಳೆದುಕೊಂಡದ್ದು ಕೇಳಿಸಿತು.

"ಅಕ್ಕಾ, ಇದರಲ್ಲಿ ಏನೋ ಚರಂಡಿ ವಾಸನೆ ಬರ್ತಿದೆ. ನನಗೆ ಹಾಗನ್ಸುತ್ತೆ. ತಪ್ಪೂ ಇರ್ಬಹುದು."

ತಪ್ಪೋ ಸರಿಯೋ ಅವಳಿಗೆ ತಿಳಿಯುವ ದಾರಿ ಇರಲಿಲ್ಲ.

"ಹಾಗಾದ್ರೆ ಈ ಮಣ್ಣು ಬೇಡ" ಎಂದಳು, ತಿರುಗದೆಯೇ. "ಗಾಡಿ ಖಾಲಿ ಮಾಡಿಸು."